ಸಹಾಯ ಬೇಕು: ‘ಸಂಸ್ಕಾರ’ದ ಹಳೇ ಪ್ರತಿ, ಒಳಗೆ ಸಹಿ ಇದೆ

ಎಲ್ಲರಿಗೂ ನಮಸ್ಕಾರ. ಲೇಖಕರ ಸಹಿ ಇರೋ ಕನ್ನಡ ಕಾದಂಬರಿಗಳ ಮೊದಲ ಮುದ್ರಣ ಕೂಡಿಡೋ ಹುಚ್ಚು ನನಗೆ. ಹೋದ ಭಾನುವಾರ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕಗಳ ರಾಶಿ ಕೆದಕುವಾಗ ಅನಂತಮೂರ್ತಿಯವರ ‘ಸಂಸ್ಕಾರ’ ಸಿಕ್ಕಿತು. ಒಳಗೆ ನೀಲಿ ಶಾಯಿಯಲ್ಲಿ ಒಂದು ಸಹಿ ಇದೆ, ತಾರೀಖು ಇಲ್ಲ.

ತೊಂದರೆ ಏನಂದ್ರೆ, ಹಿಂದಿನವರು ಯಾರೋ ರಟ್ಟು ಹಾಕಿಸುವಾಗ ಮೂಲ ಹೊದಿಕೆಯನ್ನೂ, ಮುದ್ರಣದ ವಿವರ ಇರೋ ಹಾಳೆಯನ್ನೂ ಕಿತ್ತುಹಾಕಿದ್ದಾರೆ (ಹೊಟ್ಟೆ ಉರಿಯುತ್ತೆ ಅಲ್ವಾ). ಕಾದಂಬರಿ ಮೊದಲು ಬಂದಿದ್ದು 1965ರಲ್ಲಿ, ಆಮೇಲೆ ಎಷ್ಟೋ ಸಲ ಮರುಮುದ್ರಣ ಆಗಿದೆ, ಹಾಗಾಗಿ ಕಾಗದ ಹಳದಿಯಾಗಿದೆ ಅನ್ನೋದೊಂದರಿಂದಲೇ ಇದು ಮೊದಲನೆಯದು ಅಂತ ಹೇಳೋಕಾಗಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ 1965ರ ಪ್ರತಿ ಇದ್ದರೆ ಶೀರ್ಷಿಕೆ ಪುಟ, ಮೊದಲ ಪುಟ, ಕೊನೆಯ ಪುಟ ಮೂರರ ಫೋಟೋ ಹಾಕ್ತೀರಾ? ಒಟ್ಟು ಪುಟ, ಅಕ್ಷರದ ಅಚ್ಚು, ಸಾಲು ಎಲ್ಲಿ ಮುರಿದಿದೆ ಅನ್ನೋದು ಹೊಂದಿದರೆ ಅರ್ಧ ಕೆಲಸ ಆದ ಹಾಗೆ. ಅನಂತಮೂರ್ತಿಯವರು ನಿಮ್ಮೆದುರಿಗೇ ಸಹಿ ಮಾಡಿಕೊಟ್ಟ ಪುಸ್ತಕ ಇದ್ದರೆ ಅದರ ಫೋಟೋನೂ ಬೇಕು, ಯಾವ ವರ್ಷದ್ದು ಅಂತ ಬರೀರಿ, ಏಕೆಂದರೆ ವಯಸ್ಸಾದಂತೆ ಕೈಬರಹ ಬದಲಾಗುತ್ತೆ.

ಇನ್ನೊಂದು, ಹುಳ ತಿಂದ ತೂತುಗಳಿವೆ. ಲ್ಯಾಮಿನೇಷನ್ ಮಾಡಿಸು ಅಂತ ಮಾತ್ರ ದಯವಿಟ್ಟು ಹೇಳಬೇಡಿ, ಹಿಂದೆ ಒಂದು ಅಂಗಡಿಯಲ್ಲಿ ಹಾಗೆ ಮಾಡಿಸಿ ಒಂದು ಒಳ್ಳೇ ಪುಸ್ತಕ ಕಳೆದುಕೊಂಡಿದ್ದೇನೆ. ಹಳೇ ಕಾಗದ ರಿಪೇರಿ ಮಾಡೋ ನಂಬಿಕಸ್ಥರು ಗೊತ್ತಿದ್ದರೆ ತಿಳಿಸಿ. ಮಾರೋ ಯೋಚನೆ ಇಲ್ಲ, ಬೆಲೆ ಕೇಳಬೇಡಿ.