ಅಪ್‌ಡೇಟ್: ನಮ್ಮೂರ ನಲ್ಲಿ ನೀರಿನ ವರದಿ ಕೊನೆಗೂ ಕೈಸೇರಿತು

ಪಾವಗಡ ತಾಲ್ಲೂಕಿನ ನಮ್ಮೂರಿಗೆ ಕೊಳವೆಬಾವಿಯಿಂದ ಬರುವ ನಲ್ಲಿ ನೀರಿನ ಪರೀಕ್ಷಾ ವರದಿಯನ್ನು ಪಡೆಯುವುದು ಹೇಗೆಂದು ಹನ್ನೆರಡು ದಿನಗಳ ಹಿಂದೆ ಕೇಳಿದ್ದೆ. ನೀರು ಪರೀಕ್ಷಿಸುವ ಕಿಟ್ ತರಿಸಿ, ಬಣ್ಣ ನೋಡಿ ಮನೆಯಲ್ಲೇ ತಿಳಿದುಕೊಳ್ಳಿ ಎಂಬ ಸಲಹೆ ಫಲಿಸಲಿಲ್ಲ. ಬಣ್ಣ ಗುಲಾಬಿಯೋ ಹಳದಿಯೋ ಎಂದು ಮನೆಮಂದಿಯೆಲ್ಲ ವಾದಿಸಿದ್ದಷ್ಟೇ ಬಂತು. ಮಾದರಿಯನ್ನು ನೇರವಾಗಿ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ ಎಂದವರ ಮಾತೇ ಕೆಲಸಕ್ಕೆ ಬಂತು, ಅವರಿಗೆ ಧನ್ಯವಾದಗಳು. ಹೆಚ್ಚಾದರೆ ಹಲ್ಲು, ಮೂಳೆಗೆ ಹಾನಿ ಮಾಡುವ ಫ್ಲೋರೈಡ್ ಲೀಟರಿಗೆ 1.8 ಮಿಲಿಗ್ರಾಂ ಇದೆಯಂತೆ; ಕುಡಿಯುವ ನೀರಿನ ಗುಣಮಟ್ಟ ಹೇಳುವ ಭಾರತೀಯ ಮಾನಕ 10500ರ ಪ್ರಕಾರ ಮಿತಿ 1.0, ಬೇರೆ ಜಲಮೂಲವಿಲ್ಲದಿದ್ದರೆ ಮಾತ್ರ 1.5. ನನಗೆ ಅಚ್ಚರಿ ತಂದದ್ದು ಬಾಟಲಿಯ ವಿಷಯ: ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿ ಸಾಕು, ಬ್ಯಾಕ್ಟೀರಿಯಾ ಪರೀಕ್ಷೆಗಾದರೋ ಕ್ರಿಮಿಶುದ್ಧ ಬಾಟಲಿಯಲ್ಲಿ ತುಂಬಿ ಐಸಿನಲ್ಲಿಟ್ಟು ಒಯ್ಯಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ ಎಂದು ನಾನು ಹೇಳಿದಾಗ ಅಮ್ಮ ಪಾತ್ರೆಯನ್ನು ಒಲೆಯಿಂದ ಇಳಿಸಿಬಿಟ್ಟರು.