ರಾತ್ರಿ ಗೂಡಿನಲ್ಲಿ ಕೋಳಿ ಸತ್ತರೆ: ಪಶುವೈದ್ಯೆಯೊಂದಿಗೆ ಪ್ರಶ್ನೋತ್ತರ

ಪಶುವೈದ್ಯೆ, ತುಮಕೂರು: ಹಿತ್ತಿಲ ಕೋಳಿಗಳನ್ನು ನಾಯಿ, ಕಾಡುಬೆಕ್ಕು, ಮುಂಗುಸಿ, ಹದ್ದುಗಳಿಂದ ಕಾಪಾಡುವ ಬಗ್ಗೆ ಇಂದು ಸಂಜೆ ಕೇಳಬಹುದು. ಕೋಳಿ ಹೋದದ್ದು ಹಗಲೋ ರಾತ್ರಿಯೋ, ಗಾಯ ಎಲ್ಲಿದೆ, ಎಷ್ಟು ತಿಂದಿದೆ ಎಂಬುದನ್ನು ದಯವಿಟ್ಟು ತಪ್ಪದೆ ಬರೆಯಿರಿ.

ಸದಸ್ಯರು, ಶಿರಾ: ಹಾಡಹಗಲೇ ಮುಂಗುಸಿ ಬಂದು ನಾಟಿ ಕೋಳಿಯ ಮರಿಗಳನ್ನು ಒಯ್ಯುತ್ತಿದೆ. ಇದಕ್ಕೆ ಔಷಧವೇನಾದರೂ ಇದೆಯೇ?

ಪಶುವೈದ್ಯೆ: ಔಷಧವಿಲ್ಲ. ಮರಿಗಳು ಬಲಿಯುವವರೆಗೆ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿಯೊಳಗೆ ಬಿಡಿ. ಜಾಲರಿಯ ಅಂಚನ್ನು ಒಂದು ಅಡಿಯಷ್ಟು ಹೊರಕ್ಕೆ ಮಡಚಿ ಮಣ್ಣಿನಲ್ಲಿ ಹೂಳಿದರೆ ಅದು ಬುಡ ತೋಡಿ ಒಳಗೆ ಬರಲಾರದು.

ಸದಸ್ಯೆ, ಗೌರಿಬಿದನೂರು: ಸಂಘದ ಸಾಲದಲ್ಲಿ 22 ಸ್ವರ್ಣಧಾರಾ ಕೋಳಿ ತಂದಿದ್ದೆವು. ಮೊನ್ನೆ ಒಂದೇ ರಾತ್ರಿ ಏಳು ಸತ್ತವು. ಕತ್ತಿನ ಹತ್ತಿರ ರಕ್ತವಿತ್ತು, ಒಂದನ್ನು ಮಾತ್ರ ಸ್ವಲ್ಪ ತಿಂದಿತ್ತು. ಬಾಗಿಲ ಚಿಲಕ ಹಾಕಿದಂತೆಯೇ ಇತ್ತು, ಜಾಲರಿ ಎಲ್ಲಿಯೂ ಹರಿದಿಲ್ಲ. ಎಲ್ಲರೂ ಮುಂಗುಸಿ ಎನ್ನುತ್ತಾರೆ. ನಮ್ಮ ಯಜಮಾನರು ನಿನ್ನೆಯಿಂದ ಮನೆಯ ಕರೆಂಟನ್ನೇ ಎಳೆದು ಗೂಡಿನ ಸುತ್ತ ತಂತಿ ಬಿಗಿದಿದ್ದಾರೆ.

ಪಶುವೈದ್ಯೆ: ಅಮ್ಮಾ, ಈ ಉತ್ತರವನ್ನು ಮುಂದೆ ಓದುವ ಮೊದಲು ಎದ್ದು ಹೋಗಿ ಆ ತಂತಿಯ ಸಂಪರ್ಕವನ್ನು ಈಗಲೇ ತೆಗೆಸಿ. ಹಿತ್ತಿಲಲ್ಲಿ ಪಾತ್ರೆ ತೊಳೆದ ನೀರು ಹರಿದಿರುತ್ತದೆ, ಕತ್ತಲಲ್ಲಿ ಮಕ್ಕಳು ಬಚ್ಚಲಿಗೆ ಓಡುತ್ತಾರೆ. 230 ವೋಲ್ಟ್ ಹರಿಯುವ ತಂತಿಯನ್ನು ಒದ್ದೆ ಕಾಲಿನವರು ಮುಟ್ಟಿದರೆ ಬದುಕುವುದು ಕಷ್ಟ.

ಇನ್ನು ಕೋಳಿಗಳ ವಿಷಯ. ಮುಂಗುಸಿ ಹಗಲು ತಿರುಗುವ ಪ್ರಾಣಿ, ಕತ್ತಲಾದ ಮೇಲೆ ಬಿಲ ಸೇರಿ ಮಲಗುತ್ತದೆ. ಆದ್ದರಿಂದ ನಡುರಾತ್ರಿಯ ಕೊಲೆಯನ್ನು ಅದರ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಬೀದಿನಾಯಿ ಬಂದಿದ್ದರೆ ಬಾಗಿಲೋ ಜಾಲರಿಯೋ ಕಿತ್ತುಹೋಗಿರುತ್ತಿತ್ತು. ಹಾವು ಕತ್ತು ಕಚ್ಚಿ ರಕ್ತ ಹರಿಸಿ ಏಳು ಕೋಳಿ ಬಿಟ್ಟುಹೋಗುವುದಿಲ್ಲ. ಕತ್ತಿಗೆ ಕಚ್ಚಿ ಸಾಲಾಗಿ ಕೊಂದು, ತಿನ್ನದೆ ಬಿಟ್ಟಿರುವುದನ್ನು ನೋಡಿದರೆ ಪುನುಗುಬೆಕ್ಕು ಸೂರಿನ ಕಡೆಯಿಂದ ಇಳಿದಿದೆ ಎಂದು ನನ್ನ ಬಲವಾದ ಅನುಮಾನ, ಕಾಡುಬೆಕ್ಕೂ ಇರಬಹುದು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣದು, ಕೂತ ಕೋಲಿನಿಂದ ಕದಲದು. ಮುಚ್ಚಿದ ಗೂಡಿನಲ್ಲಿ ಒಂದು ರೆಕ್ಕೆ ಬಡಿದರೆ ಬೇಟೆಗೆ ಬಂದ ಪ್ರಾಣಿ ಹಸಿವು ತೀರಿದ ಮೇಲೂ ಕಚ್ಚುತ್ತಲೇ ಹೋಗುತ್ತದೆ.

ಸತ್ತ ಕೋಳಿ ಇನ್ನೂ ಉಳಿದಿದ್ದರೆ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೆಡತಲೆಯ ಪುಕ್ಕವನ್ನು ನೀರಿನಿಂದ ಒದ್ದೆ ಮಾಡಿ, ಬೆರಳಿನಿಂದ ಬಿಡಿಸಿ ನೋಡಿ. ಚರ್ಮದ ಮೇಲೆ ಹಲ್ಲಿನ ಜೋಡಿ ತೂತುಗಳು ಕಾಣಬೇಕು. ಪುನುಗುಬೆಕ್ಕು ಹಣ್ಣನ್ನೂ ತಿನ್ನುತ್ತದೆ, ಹಂಚಿನ ಮೇಲೆ ಹಣ್ಣಿನ ಬೀಜಗಳು ತುಂಬಿದ ಹಿಕ್ಕೆ ಇದೆಯೇ ಎಂದೂ ನೋಡಿಸಿ. ಗೋಡೆಗೂ ಸೂರಿಗೂ ನಡುವೆ ಅದರ ತಲೆ ತೂರುವಷ್ಟು ಸಂದಿದ್ದರೆ ಮೈಯೂ ತೂರುತ್ತದೆ. ರುಚಿ ಕಂಡ ಪ್ರಾಣಿ ಮತ್ತೆ ಬರುತ್ತದೆ. ಇಂದು ರಾತ್ರಿ ಉಳಿದ 15 ಕೋಳಿಗಳನ್ನು ಮನೆಯೊಳಗೆ ಮಂಕರಿಗಳ ಕೆಳಗೆ ಮುಚ್ಚಿ, ಮೇಲೆ ಕಲ್ಲಿಡಿ. ಸತ್ತವನ್ನು ಅಡುಗೆಗೆ ಬಳಸದೆ, ಸುಣ್ಣ ಹಾಕಿ ಆಳವಾಗಿ ಹೂಳಿಸಿ.

ಸದಸ್ಯರು, ಮಧುಗಿರಿ: ಆನೆಗಳಿಗೆ ಇಲಾಖೆಯವರೇ ಕರೆಂಟ್ ಬೇಲಿ ಹಾಕುತ್ತಾರಲ್ಲ ಮೇಡಂ, ಬಡವರು ಹಾಕಿದರೆ ತಪ್ಪೇ?

ಪಶುವೈದ್ಯೆ: ಆ ಬೇಲಿಯಲ್ಲಿ ಯಂತ್ರವೊಂದು ಕ್ಷಣಮಾತ್ರದ ಮಿಡಿತಗಳನ್ನು ಬಿಟ್ಟು ಬಿಟ್ಟು ಹರಿಸುತ್ತದೆ, ಮುಟ್ಟಿದವರು ಕೈ ಹಿಂದೆಗೆಯಬಹುದು. ಮನೆಯ ಕರೆಂಟ್ ಸತತವಾಗಿ ಹರಿದು ಸ್ನಾಯುವನ್ನು ಹಿಡಿದುಬಿಡುತ್ತದೆ. ಅದನ್ನು ಬೇಲಿಗೆ ಹರಿಸುವುದು ಅಪರಾಧವೂ ಹೌದು.

ಸದಸ್ಯರು, ಮಾಲೂರು: ಬೇರೆ ಗುಂಪಿನಿಂದ ಬಂದದ್ದನ್ನು ಕಳುಹಿಸುತ್ತಿದ್ದೇನೆ: ಮೊಟ್ಟೆಗೆ ತೂತು ಮಾಡಿ ಫೋರೇಟ್ ಕೀಟನಾಶಕದ ಗುಳಿಗೆ ತುಂಬಿ ಗೂಡಿನ ಪಕ್ಕ ಇಟ್ಟರೆ ಯಾವ ಪ್ರಾಣಿಯೂ ಉಳಿಯುವುದಿಲ್ಲ.

ಪಶುವೈದ್ಯೆ: ಇದನ್ನು ಅಳಿಸಿ. ಫೋರೇಟ್ 2020ರ ಕೊನೆಯಿಂದ ನಿಷೇಧಿತ. ಆ ಮೊಟ್ಟೆಯನ್ನು ಮನೆಯ ನಾಯಿ ತಿನ್ನುತ್ತದೆ, ಮಗು ಎತ್ತಿಕೊಳ್ಳುತ್ತದೆ. ಪುನುಗು, ಮುಂಗುಸಿ, ಉಡ ಇವೆಲ್ಲ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪ್ರಾಣಿಗಳು. ವಿಷವಿಟ್ಟವರು ಜೈಲಿಗೆ ಹೋಗಬೇಕಾಗುತ್ತದೆ.

ಸದಸ್ಯರು, ಚಿಂತಾಮಣಿ: ಹದ್ದಿಗೆ ನೈಲಾನ್ ಬಲೆ ಕಟ್ಟಿದರೆ ಸಾಕೇ, ಅಥವಾ ಮರದ ನೆರಳಿನಲ್ಲಿ ಬಿಡಬೇಕೇ?

ಸದಸ್ಯರು, ಶಿರಾ: ಪ್ರಾಣಿಗಿಂತ ನಮಗೆ ಪಕ್ಕದ ಮನೆಯ ನಾಯಿಯೇ ಹೆಚ್ಚು ಕಾಟ. ಸಾಕಿದವರು ಕಟ್ಟಿಹಾಕಬೇಕು.

ಸದಸ್ಯರು, ಮಾಲೂರು: ಕೋಳಿಯನ್ನು ಊರೆಲ್ಲ ಮೇಯಲು ಬಿಟ್ಟು ನಾಯಿಯನ್ನು ದೂರುವುದು ಯಾವ ನ್ಯಾಯ? ನಿಮ್ಮ ಕೋಳಿ ನಮ್ಮ ರಾಗಿ ಒಟ್ಟಲು ಕೆದರಿದರೆ ಯಾರು ಕೊಡುತ್ತಾರೆ?

ಸದಸ್ಯರು, ಶಿರಾ: ವಿಷದ ಮೊಟ್ಟೆ ಇಡಲು ಹೇಳಿದವರಿಂದ ನ್ಯಾಯ ಕಲಿಯಬೇಕಾಗಿಲ್ಲ.

ಸದಸ್ಯರು, ಮಧುಗಿರಿ: ಹಾವಿಗೆ ಕಾರ್ಬಾಲಿಕ್ ಆಮ್ಲ ಸಿಂಪಡಿಸಬಹುದೇ? ಮುಂಗುಸಿಗೆ ಔಷಧ ಯಾವುದು?

ಪಶುವೈದ್ಯೆ: ಕಾರ್ಬಾಲಿಕ್‌ನಿಂದ ಹಾವು ಬರುವುದು ನಿಲ್ಲದು, ಕೋಳಿಯ ಕಾಲು ಸುಡುತ್ತದೆ. ಚೆಲ್ಲಿದ ಮೇವನ್ನು ಸಂಜೆ ಗುಡಿಸಿ. ಇಲಿ, ಹೆಗ್ಗಣ ಕಡಿಮೆಯಾದರೆ ಹಾವೂ ಕಡಿಮೆಯಾಗುತ್ತದೆ. ಮುಂಗುಸಿಗೆ ಔಷಧವಿಲ್ಲವೆಂದು ಆಗಲೇ ಬರೆದಿದ್ದೇನೆ.

ಸದಸ್ಯೆ, ಬಂಗಾರಪೇಟೆ: ನಮ್ಮಲ್ಲಿ ದಿನಕ್ಕೆರಡು ಸಾಯುತ್ತಿವೆ, ಗಾಯವೇ ಇಲ್ಲ, ಹಿಕ್ಕೆ ಹಸಿರಾಗಿದೆ. ನಾಗರಹಾವು ಕಚ್ಚಿರಬಹುದೇ?

ಪಶುವೈದ್ಯೆ: ಹಾವಲ್ಲ, ಇದು ರೋಗ, ಕೋಳಿಯಿಂದ ಕೋಳಿಗೆ ಹರಡುವ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಒಂದು ಕೋಳಿಯನ್ನೂ ಮಾರಬೇಡಿ, ಯಾರಿಗೂ ಕೊಡಬೇಡಿ, ಇಂದೇ ಪಶು ಆಸ್ಪತ್ರೆಗೆ ತಿಳಿಸಿ. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಗಾಯವಿಲ್ಲದೆ ಸಾಯುವ ಕೋಳಿಗಳನ್ನು ಪರೀಕ್ಷಿಸದೆ ಬಿಡುವಂತಿಲ್ಲ.

ಸದಸ್ಯರು, ಮಾಲೂರು: ನಾಯಿಯ ವಿಷಯಕ್ಕೆ ಮೇಡಂ ಏಕೆ ಮಾತನಾಡುತ್ತಿಲ್ಲ?

ಪಶುವೈದ್ಯೆ: ನಿಮ್ಮಿಬ್ಬರ ಜಗಳವನ್ನು ಇಲ್ಲಿಗೇ ನಿಲ್ಲಿಸಿ. ಗೌರಿಬಿದನೂರಿನವರು ಇನ್ನೂ ಉತ್ತರಿಸಿಲ್ಲ. ತಂತಿ ಬಿಚ್ಚಿದಿರಾ?

ಸದಸ್ಯೆ, ಗೌರಿಬಿದನೂರು: ಬಿಚ್ಚಿಸಿದೆವು ಮೇಡಂ. ಹಿಂದಿನ ಗೋಡೆಯ ಮೇಲೆ ಒಂದು ಹಂಚು ಸರಿದಿದೆ, ನನ್ನ ಮುಷ್ಟಿ ತೂರುತ್ತದೆ. ಹಂಚಿನ ಅಂಚಿಗೆ ಕೂದಲು ಅಂಟಿಕೊಂಡಿದೆ.

ಪಶುವೈದ್ಯೆ: ಅದೇ ದಾರಿ. ನಾಳೆ ಬೆಳಗ್ಗೆ ಹಂಚು ಕೂರಿಸಿ, ಸೂರಿನ ಉದ್ದಕ್ಕೂ ಒಳಗಿನಿಂದ ಜಾಲರಿ ಬಡಿಸಿ. ಇಂದು ಮಂಕರಿ ಮರೆಯಬೇಡಿ.