ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸಿನವರೆಗೆ ಪುಕ್ಕಟೆ ಅಂದಮೇಲೆ ಅಸಮಾನತೆ ಎಲ್ಲಿಂದ?

ಡೊಂಬಿವಿಲಿ_ಮೇಷ್ಟ್ರು:
ಬಿ.ಎ. ಕೊನೆಯ ವರ್ಷದ ಸಮಾಜಶಾಸ್ತ್ರದ ಮಕ್ಕಳಿಗೆ ಅಮೆರಿಕದ ಶೈಕ್ಷಣಿಕ ಅಸಮಾನತೆ ಬಗ್ಗೆ ಎರಡು ಪೀರಿಯಡ್ ಪಾಠ ಮಾಡಬೇಕು. ಮೊದಲು ಏಳುವ ಪ್ರಶ್ನೆ ಯಾವುದೆಂದು ಈಗಲೇ ಗೊತ್ತು: "ಸರ್, ಅಲ್ಲಿ ಸರ್ಕಾರಿ ಶಾಲೆ ಪುಕ್ಕಟೆ, ಹತ್ತರಲ್ಲಿ ಒಂಬತ್ತು ಮಕ್ಕಳು ಅಲ್ಲೇ ಓದುತ್ತಾರೆ. ನಮ್ಮಲ್ಲಿಯ ಹಾಗೆ ಇಂಟರ್‌ನ್ಯಾಷನಲ್ ಸ್ಕೂಲ್ ಒಂದು ಕಡೆ, ಮುನಿಸಿಪಾಲಿಟಿ ಶಾಲೆ ಒಂದು ಕಡೆ ಅಂತ ಇಲ್ಲವಲ್ಲ?" ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸಬಹುದಾದ ಒಂದು ಉದಾಹರಣೆ ಬೇಕು. ಯಾವ ಅಂಕಿಗಳ ಹತ್ತಿರ ಹುಷಾರಾಗಿರಬೇಕು ಅಂತಲೂ ತಿಳಿಸಿ.

ಮಾಟುಂಗಾ_ಈಸ್ಟ್:
1973ರ ರೊಡ್ರಿಗೆಜ್ ಮೊಕದ್ದಮೆ ತೆಗೆದುಕೊಳ್ಳಿ ಸರ್. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಪ್ರದೇಶದ ಎರಡು ಶಾಲಾ ಡಿಸ್ಟ್ರಿಕ್ಟ್‌ಗಳು, ಅಂದರೆ ತಮ್ಮ ಪ್ರದೇಶದ ಆಸ್ತಿ ತೆರಿಗೆ ಎತ್ತಿ ಶಾಲೆ ನಡೆಸುವ ಸ್ಥಳೀಯ ಘಟಕಗಳು. ಎಜ್‌ವುಡ್‌ನಲ್ಲಿ ಬಹುಪಾಲು ಮೆಕ್ಸಿಕನ್ ಮೂಲದ ಬಡವರು, ಅಲಮೊ ಹೈಟ್ಸ್‌ನಲ್ಲಿ ಬಹುಪಾಲು ಅನುಕೂಲಸ್ಥ ಬಿಳಿಯರು. 1967-68ರ ಜಮಾಖರ್ಚು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನೊಳಗೇ ಸಿಗುತ್ತದೆ. ತಲಾ ಒಬ್ಬ ವಿದ್ಯಾರ್ಥಿಗೆ, ಡಾಲರ್‌ನಲ್ಲಿ, ಬೋರ್ಡಿನ ಮೇಲೆ ಹೀಗೆ ಬರೆಯಿರಿ:

ಎಜ್‌ವುಡ್: ಸ್ಥಳೀಯ ತೆರಿಗೆ 26 + ರಾಜ್ಯ 222 + ಕೇಂದ್ರ 108 = 356
ಅಲಮೊ ಹೈಟ್ಸ್: ಸ್ಥಳೀಯ ತೆರಿಗೆ 333 + ರಾಜ್ಯ 225 + ಕೇಂದ್ರ 36 = 594

ರಾಜ್ಯದ ಕಾಲಂ ನೋಡಿ, ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಅಂತರವೆಲ್ಲ ಮೊದಲ ಕಾಲಂನಲ್ಲಿದೆ. ಹಾಗಂತ ಎಜ್‌ವುಡ್‌ನವರು ತೆರಿಗೆ ಕಟ್ಟಲು ಹಿಂದೆಮುಂದೆ ನೋಡಿದವರಲ್ಲ. ನೂರು ಡಾಲರ್ ಆಸ್ತಿಗೆ ಅವರು ಕಟ್ಟಿದ್ದು 1.05, ಅಲಮೊ ಹೈಟ್ಸ್‌ನವರು 0.85. ದರ ಹೆಚ್ಚು, ಹುಟ್ಟುವಳಿ ಕಡಿಮೆ. ಯಾಕೆಂದರೆ ಒಬ್ಬ ವಿದ್ಯಾರ್ಥಿಯ ಹಿಂದೆ ಇದ್ದ ಆಸ್ತಿಯ ಮೌಲ್ಯ ಇಲ್ಲಿ ಸುಮಾರು 6 ಸಾವಿರ, ಅಲ್ಲಿ 49 ಸಾವಿರಕ್ಕೂ ಮೇಲೆ.

ಮಕ್ಕಳಿಗೆ ಮುಂಬೈ ಲೆಕ್ಕದಲ್ಲಿ ಹೇಳಿ: ಬಡವರ ಗೋವಂಡಿಯ ಶಾಲೆಗೂ ಶ್ರೀಮಂತರ ಮಲಬಾರ್ ಹಿಲ್‌ನ ಶಾಲೆಗೂ ದುಡ್ಡು ಒಂದೇ ಬಿಎಂಸಿ (ಮುಂಬೈ ಮಹಾನಗರ ಪಾಲಿಕೆ) ಬಜೆಟ್‌ನಿಂದ ಬರುತ್ತದೆ. ಮಲಬಾರ್ ಹಿಲ್‌ನ ಪ್ರಾಪರ್ಟಿ ಟ್ಯಾಕ್ಸ್ ಮಲಬಾರ್ ಹಿಲ್‌ನ ಶಾಲೆಗಳಿಗೇ, ಗೋವಂಡಿಯದ್ದು ಗೋವಂಡಿಗೇ ಅಂತ ನಿಯಮ ಬಂದರೆ ಹೇಗಿರುತ್ತದೆ? ಅದೇ ಕಥೆ. ನಮ್ಮಲ್ಲಿ ದುಡ್ಡಿದ್ದವರು ಫೀಸು ಕಟ್ಟುತ್ತಾರೆ, ಅಲ್ಲಿ ಮನೆ ಕೊಳ್ಳುತ್ತಾರೆ.

ಕೋರ್ಟು 5-4ರಲ್ಲಿ ಏನೆಂದಿತು ಗೊತ್ತೇ? ಶಿಕ್ಷಣ ಕೇಂದ್ರ ಸಂವಿಧಾನದ ಪ್ರಕಾರ ಮೂಲಭೂತ ಹಕ್ಕಲ್ಲ, ಈ ವ್ಯವಸ್ಥೆ ನಡೆಯಲಿ ಅಂತ. ಮರುವರ್ಷ ಡೆಟ್ರಾಯಿಟ್‌ನ ಮಿಲಿಕೆನ್ ಮೊಕದ್ದಮೆಯಲ್ಲಿ, ಮತ್ತೆ 5-4ರಲ್ಲಿ, ವರ್ಣಭೇದ ನಿವಾರಣೆಗೆಂದು ನಗರದ ಮಕ್ಕಳನ್ನೂ ಉಪನಗರದ ಮಕ್ಕಳನ್ನೂ ಡಿಸ್ಟ್ರಿಕ್ಟ್ ಗಡಿ ದಾಟಿಸಿ ಬೆರೆಸುವ ಯೋಜನೆಯನ್ನೂ ತಳ್ಳಿಹಾಕಿತು. ಎರಡನ್ನೂ ಜೊತೆಗಿಟ್ಟೇ ಪಾಠ ಮಾಡಿ. ದುಡ್ಡೂ ಗಡಿ ದಾಟಬೇಕಿಲ್ಲ, ಮಕ್ಕಳೂ ದಾಟಬೇಕಿಲ್ಲ.

ಕೊತ್ರೂಡ್_ಓದುಗ:
ಲೆಕ್ಕ ಸರಿ, ಆದರೆ ಅಲ್ಲಿಗೇ ನಿಲ್ಲಿಸಿದರೆ ಪಾಠ ಐವತ್ತು ವರ್ಷ ಹಳೆಯದಾಗುತ್ತದೆ. 1989ರಲ್ಲಿ ಟೆಕ್ಸಾಸಿನದೇ ಸುಪ್ರೀಂ ಕೋರ್ಟ್ ರಾಜ್ಯ ಸಂವಿಧಾನದ ಆಧಾರದ ಮೇಲೆ ಆ ಪದ್ಧತಿಯನ್ನು ರದ್ದು ಮಾಡಿತು. 1993ರಿಂದ ಶ್ರೀಮಂತ ಡಿಸ್ಟ್ರಿಕ್ಟ್‌ಗಳ ಹೆಚ್ಚುವರಿ ತೆರಿಗೆಯನ್ನು ಹಂಚುವ ಕಾನೂನಿದೆ, ಜನ ಅದನ್ನು 'ರಾಬಿನ್ ಹುಡ್' ಅನ್ನುತ್ತಾರೆ. ಇಂದು ಅನೇಕ ರಾಜ್ಯಗಳಲ್ಲಿ, ಒಂದೇ ರಾಜ್ಯದೊಳಗೆ ನೋಡಿದರೆ, ತಲಾ ವೆಚ್ಚದ ಅಂತರ ಅಷ್ಟು ದೊಡ್ಡದಲ್ಲ. ರಾಜ್ಯ-ರಾಜ್ಯಗಳ ನಡುವೆ ಮಾತ್ರ ಇದೆ. ನ್ಯೂಯಾರ್ಕ್ ಒಬ್ಬ ವಿದ್ಯಾರ್ಥಿಗೆ ಖರ್ಚು ಮಾಡುವುದು ಯೂಟಾದ ಎರಡು ಪಟ್ಟಿಗೂ ಹೆಚ್ಚು.

ಈಗಿನ ದೊಡ್ಡ ಬಿರುಕು ಹೈಸ್ಕೂಲ್ ಮುಗಿದ ಮೇಲೆ ಕಾಣುತ್ತದೆ. 2022ರ ಸೆನ್ಸಸ್ ಬ್ಯೂರೋ ಲೆಕ್ಕದಲ್ಲಿ, 25 ದಾಟಿದವರ ಪೈಕಿ ಬ್ಯಾಚುಲರ್ ಪದವಿ ಅಥವಾ ಅದಕ್ಕೂ ಮೇಲೆ ಓದಿದವರು: ಏಷ್ಯನ್ನರು ಶೇ. 59.3, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ) ಅಲ್ಲದ ಬಿಳಿಯರು 41.8, ಕಪ್ಪು ಜನ 27.6, ಹಿಸ್ಪಾನಿಕ್ 20.9.

ಸೀಟು ಸಿಕ್ಕ ಬಡ ಮಕ್ಕಳು ಎಲ್ಲಿ ಕಳೆದುಹೋಗುತ್ತಾರೆ ಅನ್ನುವುದನ್ನು ಹಂತಹಂತವಾಗಿ ತೋರಿಸಿ, ಇದೇ ನಿಜವಾದ ಪಾಠ. ಕೇಂದ್ರದ ಸಹಾಯಧನಕ್ಕೆ 'ಫಾಫ್ಸಾ' ಅರ್ಜಿ ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಒಂದು ವರ್ಷ ತಪ್ಪಿದರೆ ಬಡ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಗ್ರಾಂಟ್ ನಿಂತಿತು. ಆ ಗ್ರಾಂಟ್ 2024-25ರಲ್ಲಿ ಗರಿಷ್ಠ 7,395 ಡಾಲರ್. 1970ರ ದಶಕದಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಓದು, ಊಟ, ವಸತಿಯ ಮುಕ್ಕಾಲು ಖರ್ಚು ಇದರಲ್ಲೇ ನಡೆಯುತ್ತಿತ್ತು, ಈಗ ಮೂರನೇ ಒಂದು ಪಾಲಿಗೆ ಬಂದಿದೆ. ಮೇ ತಿಂಗಳಲ್ಲಿ ಸೀಟು ಒಪ್ಪಿಕೊಂಡು ಆಗಸ್ಟ್‌ನಲ್ಲಿ ಕಾಲೇಜಿಗೇ ಬಾರದವರಿಗೆ 'ಸಮ್ಮರ್ ಮೆಲ್ಟ್' ಅನ್ನುತ್ತಾರೆ: ಡಿಪಾಸಿಟ್, ಹಾಸ್ಟೆಲ್ ಫಾರ್ಮು, ಆರೋಗ್ಯ ವಿಮೆ, ಒಂದಲ್ಲ ಒಂದು ಕಾಗದದಲ್ಲಿ ಸಿಕ್ಕಿಬೀಳುತ್ತಾರೆ, ಆಗ ಕೇಳೋಣವೆಂದರೆ ಹೈಸ್ಕೂಲ್ ಕೌನ್ಸೆಲರ್‌ಗೆ ರಜೆ. ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಸೇರಿದವರಲ್ಲಿ ಹೆಚ್ಚಿನವರ ಗುರಿ ಬ್ಯಾಚುಲರ್ ಪದವಿಯೇ, ಆದರೆ ಆರು ವರ್ಷದೊಳಗೆ ಅದನ್ನು ಮುಗಿಸುವವರು ಐದರಲ್ಲಿ ಒಬ್ಬರೂ ಇಲ್ಲ. ಶಾಲೆಯ ಪಾಠವನ್ನೇ ಮತ್ತೆ ಕಲಿಸುವ, ಪದವಿಗೆ ಕ್ರೆಡಿಟ್ ಸಿಗದ 'ರೆಮಿಡಿಯಲ್' ಕೋರ್ಸುಗಳಲ್ಲೇ ದುಡ್ಡೂ ವರ್ಷವೂ ಕರಗಿರುತ್ತದೆ.

ಇನ್ನೊಂದು ತುದಿಗೆ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ 2017ರ ಅಧ್ಯಯನ: ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಮಟ್ಟದ ಹನ್ನೆರಡು ಕಾಲೇಜುಗಳಿಗೆ ಹೋಗುವ ಸಂಭವ, ಆದಾಯದಲ್ಲಿ ಮೇಲಿನ ಶೇ. 1ರ ಮನೆಯ ಮಕ್ಕಳಿಗೆ ಕೆಳಗಿನ ಶೇ. 20ರ ಮನೆಯವರಿಗಿಂತ 77 ಪಟ್ಟು.

ಮಡಗಾಂವ್_ಡೇಟಾ:
ಅಂಕಿಗಳ ವಿಷಯಕ್ಕೆ ಬರೋಣ ಮಾರಾಯ್ರೆ, ಎಡವುವುದು ಇಲ್ಲೇ.

ಮೇಲಿನ ಸೆನ್ಸಸ್ ಅಂಕಿ ಸಿಪಿಎಸ್ (ಕರೆಂಟ್ ಪಾಪ್ಯುಲೇಷನ್ ಸರ್ವೆ) ಸಮೀಕ್ಷೆಯದ್ದು. ಅದು ಮನೆಗಳಲ್ಲಿ ವಾಸಿಸುವವರನ್ನು ಮಾತ್ರ ಕೇಳುತ್ತದೆ, ಜೈಲಿನಲ್ಲಿರುವವರು ಬರುವುದಿಲ್ಲ. ಹೈಸ್ಕೂಲ್ ಮುಗಿಸಿದ ಕಪ್ಪು ಯುವಕರ ಪ್ರಮಾಣ ಹಾಗಾಗಿ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅವರ ಬಗ್ಗೆ ಹೇಳುವಾಗ ಜೈಲು, ಹಾಸ್ಟೆಲ್‌ಗಳನ್ನೂ ಎಣಿಸುವ, ಸೆನ್ಸಸ್ ಬ್ಯೂರೋದ ಇನ್ನೊಂದು ಸಮೀಕ್ಷೆ ಎಸಿಎಸ್ (ಅಮೆರಿಕನ್ ಕಮ್ಯುನಿಟಿ ಸರ್ವೆ) ಬಳಸಿ.

'ಏಷ್ಯನ್ 59.3' ಅಂತ ಬರೆದು ಮುಂದೆ ಹೋಗಬೇಡಿ. ಭಾರತೀಯ ಮೂಲದವರಲ್ಲಿ ಸುಮಾರು ಮುಕ್ಕಾಲು ಪಾಲು ಪದವೀಧರರು, ಲಾವೋಸ್ ಮೂಲದವರಲ್ಲಿ ಐದನೇ ಒಂದರ ಆಸುಪಾಸು. ನಮ್ಮವರು ವೀಸಾದ ಜರಡಿಯಲ್ಲಿ ಸೋಸಿಕೊಂಡು ಹೋದವರು, ಅವರು ಬಹುಮಟ್ಟಿಗೆ ಯುದ್ಧದಿಂದ ಓಡಿಬಂದವರು. ಸರಾಸರಿ ಎರಡನ್ನೂ ನುಂಗಿಹಾಕುತ್ತದೆ.

ಕಾಲೇಜಿನ 'ಗ್ರಾಜುಯೇಷನ್ ರೇಟ್' ಎಣಿಸುವುದು ಮೊದಲ ಬಾರಿ, ಪೂರ್ಣಾವಧಿಗೆ ಸೇರಿದವರನ್ನು ಮಾತ್ರ. ಬೇರೆ ಕಾಲೇಜಿಗೆ ಹೋಗಿ ಮುಗಿಸಿದವನೂ ಮೊದಲ ಕಾಲೇಜಿನ ಲೆಕ್ಕದಲ್ಲಿ ಮುಗಿಸದವನೇ. ಕೆಲಸ ಮಾಡುತ್ತಾ ಅರ್ಧಾವಧಿ ಓದುವವರು ಅಲ್ಲಿ ಕಾಣುವುದೇ ಇಲ್ಲ.

ಡೊಂಬಿವಿಲಿ_ಮೇಷ್ಟ್ರು:
ಮೂವರಿಗೂ ಧನ್ಯವಾದ. ಶಾಲೆಯ ಬಡತನ ಅಳೆಯಲು ಪುಕ್ಕಟೆ ಊಟ ಪಡೆಯುವವರ ಪ್ರಮಾಣ ಬಳಸುತ್ತಾರಲ್ಲ, ಅದು ನಡೆಯುತ್ತದೆಯೇ?

ಮಡಗಾಂವ್_ಡೇಟಾ:
2014ರ ಹಿಂದಿನ ವರ್ಷಗಳಿಗಾದರೆ ನಡೆಯುತ್ತದೆ. ಮನೆಯ ಆದಾಯ ಬಡತನ ರೇಖೆಯ ಶೇ. 130ರ ಒಳಗಿದ್ದರೆ ಪುಕ್ಕಟೆ, 185ರವರೆಗೆ ರಿಯಾಯಿತಿ ದರ. 2014-15ರಿಂದ ದೇಶದಾದ್ಯಂತ, ಬಡ ಮಕ್ಕಳು ಹೆಚ್ಚಿರುವ ಶಾಲೆ ಎಲ್ಲರಿಗೂ ಪುಕ್ಕಟೆ ಊಟ ಹಾಕಬಹುದು. ಊಟಕ್ಕೆ ಒಳ್ಳೆಯದಾಯಿತು, ಲೆಕ್ಕ ಕೆಟ್ಟಿತು: ಮೊದಲು ಶೇ. 62 ಅಂತಿದ್ದ ಶಾಲೆ ಮರುವರ್ಷ ಶೇ. 100 ಅಂತ ತೋರಿಸಬಹುದು, ಒಬ್ಬ ಮಗುವೂ ಬದಲಾಗದೆ. ಹೊಸ ವರ್ಷಗಳಿಗೆ 'ಡೈರೆಕ್ಟ್ ಸರ್ಟಿಫಿಕೇಷನ್' ಕಾಲಂ ನೋಡಿ, ಅಂದರೆ ರೇಷನ್ ನೆರವು ಪಡೆಯುವ ಕುಟುಂಬಗಳ ಪಟ್ಟಿಯಿಂದ ನೇರವಾಗಿ ಬಂದ ಎಣಿಕೆ. ಹಳೆಯ ಕಾಲಂನ್ನೂ ಇದನ್ನೂ ಒಂದೇ ಗ್ರಾಫಿನಲ್ಲಿ ಜೋಡಿಸಬೇಡಿ, ವಲಸೆ ಕುಟುಂಬಗಳು ಆ ನೆರವಿನ ಪಟ್ಟಿಯಲ್ಲಿ ಕಡಿಮೆ ಇರುತ್ತವೆ.